ಸಭೆಯ ಕೀಲಿಕೈ ಯಾರ ಕೈಯಲ್ಲಿ?

2012ರ ನವೆಂಬರ್ 20. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಜನರಲ್ ಸಿನಡ್ (ಚರ್ಚಿನ ಶಾಸನಸಭೆ) ಎದುರು ಇದ್ದದ್ದು ಒಂದು ಪ್ರಶ್ನೆ: ಮಹಿಳೆಯರು ಬಿಷಪ್ ಆಗಬಹುದೇ? 324 ಮಂದಿ ಹೌದೆಂದರು, 122 ಮಂದಿ ಬೇಡವೆಂದರು. ನೂರಕ್ಕೆ ಎಪ್ಪತ್ತೆರಡರಷ್ಟು ಮತ ಬಿದ್ದರೂ ಮಸೂದೆ ಬಿದ್ದುಹೋಯಿತು.

ಕಾರಣ ಎಣಿಕೆಯ ಕ್ರಮದಲ್ಲಿತ್ತು. ಸಿನಡ್‌ನಲ್ಲಿ ಮೂರು ಮನೆಗಳಿವೆ: ಬಿಷಪ್ಪರದು, ಪಾದ್ರಿಗಳದು, ಶ್ರೀಸಾಮಾನ್ಯರದು. ಇಂಥ ಮಸೂದೆಗೆ ಮೂರರಲ್ಲೂ ಪ್ರತ್ಯೇಕವಾಗಿ ಮೂರರಲ್ಲೆರಡು ಪಾಲು ಮತ ಸಿಗಬೇಕು. ಬಿಷಪ್ಪರ ಮನೆಯಲ್ಲಿ 44ಕ್ಕೆ 3, ಪಾದ್ರಿಗಳ ಮನೆಯಲ್ಲಿ 148ಕ್ಕೆ 45. ಶ್ರೀಸಾಮಾನ್ಯರ ಮನೆಯಲ್ಲಿ ಮಾತ್ರ 132ಕ್ಕೆ 74. ಅಲ್ಲಿ ಮತ ಹಾಕಿದವರು 206 ಜನ, ಬೇಕಿದ್ದದ್ದು 138. ಆರು ಮತ ಕಡಿಮೆ ಬಿತ್ತು. ಪೀಠದಲ್ಲಿ ಕೂತವರು ಹಳೆಯ ವಿಚಾರದವರು, ಬೆಂಚಿನಲ್ಲಿ ಕೂತವರು ಹೊಸ ವಿಚಾರದವರು ಎಂಬ ಸಾಮಾನ್ಯ ಊಹೆಯನ್ನು ಆ ದಿನದ ಲೆಕ್ಕ ತಲೆಕೆಳಗು ಮಾಡಿತು. ಅದೇ ವಿಷಯ 2014ರಲ್ಲಿ ಪಾಸಾಯಿತು. 2025ರ ಅಕ್ಟೋಬರ್‌ನಲ್ಲಿ ಸಾರಾ ಮುಲಾಲಿ ಕ್ಯಾಂಟರ್ಬರಿಯ ಮೊದಲ ಮಹಿಳಾ ಆರ್ಚ್‌ಬಿಷಪ್ ಆಗಿ ನೇಮಕಗೊಂಡದ್ದಕ್ಕೆ ಆ ಎರಡನೇ ಮತದಾನವೇ ದಾರಿ.

ಕ್ರೈಸ್ತ ಸಭೆಗಳ ಜಗಳ ಸುದ್ದಿಯಾದಾಗಲೆಲ್ಲ ನಾವು ಬೋಧನೆಯನ್ನು, ವ್ಯಕ್ತಿಗಳನ್ನು ನೋಡುತ್ತೇವೆ. ಆದರೆ ಬಹಳಷ್ಟು ಸಲ ಫಲಿತಾಂಶ ನಿರ್ಧಾರವಾಗಿರುವುದು ಯಾರೂ ಓದದ ನಿಯಮಾವಳಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ಆಸ್ತಿ ಪತ್ರದಲ್ಲಿ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕನ್ನಡದಲ್ಲಿ ಚರ್ಚಿಗೂ ಮೀಟಿಂಗಿಗೂ 'ಸಭೆ' ಎಂಬ ಒಂದೇ ಪದ. ಇದು ನಮ್ಮ ಭಾಷೆಯ ಬಡತನವಲ್ಲ. ಹೊಸ ಒಡಂಬಡಿಕೆಯ ಗ್ರೀಕ್ ಪದ 'ಎಕ್ಲೇಸಿಯ' ಕೂಡ ಮೂಲದಲ್ಲಿ ನಗರದ ನಾಗರಿಕರು ಸೇರಿ ತೀರ್ಮಾನ ಮಾಡುತ್ತಿದ್ದ ಕೂಟದ ಹೆಸರೇ.

ಮೂರು ಹಣೆಪಟ್ಟಿ, ಮೂರು ಪ್ರಶ್ನೆ

ಪಠ್ಯಪುಸ್ತಕದ ವಿಂಗಡಣೆ ಸರಳ. ಬಿಷಪ್ ಆಳುವ ಚರ್ಚುಗಳು: ಕಥೋಲಿಕ, ಆರ್ಥೊಡಾಕ್ಸ್, ಆಂಗ್ಲಿಕನ್, ಬಹುಪಾಲು ಮೆಥೋಡಿಸ್ಟ್, ಕೆಲವು ಲುಥೆರನ್. ಹಿರಿಯರ ಮಂಡಳಿ ಆಳುವವು: ಪ್ರೆಸ್ಬಿಟೀರಿಯನ್ ಮತ್ತು ರಿಫಾರ್ಮ್ಡ್. ಊರಿನ ಸಭೆಯೇ ತನ್ನನ್ನು ತಾನು ಆಳಿಕೊಳ್ಳುವವು: ಬ್ಯಾಪ್ಟಿಸ್ಟ್, ಕಾಂಗ್ರಿಗೇಷನಲ್, ಬಹಳಷ್ಟು ಪೆಂತೆಕೋಸ್ತ್ ಮತ್ತು ಸ್ವತಂತ್ರ ಸಭೆಗಳು.

ಹಣೆಪಟ್ಟಿ ಇಷ್ಟು ಹೇಳುತ್ತದೆ, ಇದಕ್ಕಿಂತ ಹೆಚ್ಚಲ್ಲ. ಕಥೋಲಿಕ ಬಿಷಪ್ ಒಬ್ಬರು ತಮ್ಮ ಧರ್ಮಕ್ಷೇತ್ರದ (ತಮ್ಮ ಆಡಳಿತದ ಪ್ರದೇಶದ) ಯಾವ ಗುರುಗಳನ್ನು, ಅಂದರೆ ಪಾದ್ರಿಗಳನ್ನು, ಎಲ್ಲಿ ಇಡಬೇಕೆಂದು ನಿರ್ಧರಿಸಬಲ್ಲರು. ಆಂಗ್ಲಿಕನ್ ಆರ್ಚ್‌ಬಿಷಪ್ಪರು ಪಕ್ಕದ ದೇಶದ ಒಬ್ಬ ಬಿಷಪ್ಪರನ್ನು ಕದಲಿಸಲಾರರು. ಸದಸ್ಯರಿಗೇ ಪೂರ್ಣ ಅಧಿಕಾರ ಎಂದು ಬೋರ್ಡು ಹಾಕಿಕೊಂಡ ಎಷ್ಟೋ ಸ್ವತಂತ್ರ ಸಭೆಗಳಲ್ಲಿ ಸದಸ್ಯರು ವರ್ಷಕ್ಕೊಮ್ಮೆಯೂ ಲೆಕ್ಕಪತ್ರ ಕಂಡಿರುವುದಿಲ್ಲ.

ಹಾಗಾಗಿ ಯಾವುದೇ ಚರ್ಚನ್ನು ಅಳೆಯಲು ಮೂರು ಪ್ರಶ್ನೆ ಹಾಕುವುದು ಹೆಚ್ಚು ಉಪಯೋಗ. ಸಭಾಪಾಲಕರನ್ನು ಇಡುವವರು, ತೆಗೆಯುವವರು ಯಾರು? ಜಮೀನಿನ ಪತ್ರ ಮತ್ತು ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿವೆ? ಒಂದು ತೀರ್ಮಾನ ತಪ್ಪೆನಿಸಿದರೆ ಅದನ್ನು ಯಾರ ಮುಂದೆ ಪ್ರಶ್ನಿಸಬಹುದು? ಮೂರಕ್ಕೂ ಒಂದೇ ಉತ್ತರ ಬಂದರೆ, ಹಣೆಪಟ್ಟಿ ಏನೇ ಇರಲಿ, ಎಚ್ಚರ ಬೇಕು.

ಬಿಷಪ್ ಇದ್ದೂ ಸಂಸತ್ತಿನಂತಿರುವ ಚರ್ಚು

ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನಲ್ಲಿ ಅಧಿಕಾರ ಚೂರುಚೂರಾಗಿ ಹಂಚಿಹೋಗಿದೆ. ಬಿಷಪ್ಪರನ್ನು ನೇಮಿಸುವುದು ಕಾಗದದ ಮೇಲೆ ದೊರೆ, ಹೆಸರು ಆರಿಸುವುದು ಒಂದು ಆಯ್ಕೆ ಆಯೋಗ. ಕ್ಯಾಂಟರ್ಬರಿಗಾದರೆ ಆಯೋಗದಲ್ಲಿ ಮತ ಹಾಕುವವರು 17 ಜನ, ಅವರಲ್ಲಿ ಐವರು ಜಗತ್ತಿನ ಇತರ ಆಂಗ್ಲಿಕನ್ ಪ್ರಾಂತ್ಯಗಳವರು, ಅಂದರೆ ಬೇರೆ ದೇಶಗಳ ಸ್ವತಂತ್ರ ಆಂಗ್ಲಿಕನ್ ಚರ್ಚುಗಳವರು. ಪ್ಯಾರಿಷ್, ಅಂದರೆ ಊರಿನ ಚರ್ಚಿನ, ಮಟ್ಟದಲ್ಲಿ ಚುನಾಯಿತ ಕೌನ್ಸಿಲ್, ಇಬ್ಬರು ವಾರ್ಡನ್ನರು. ಕಟ್ಟಡದಲ್ಲಿ ಒಂದು ಬೆಂಚು ಕೀಳಬೇಕಾದರೂ ಸಾಮಾನ್ಯವಾಗಿ ಚರ್ಚಿನ ನ್ಯಾಯಾಂಗದ ಅನುಮತಿ ಬೇಕು, ಪಾದ್ರಿಯೂ ಕೌನ್ಸಿಲ್ಲೂ ಒಪ್ಪಿದರೆ ಸಾಲದು.

ಇಲ್ಲಿ ಒಂದು ಚಿಕ್ಕ ನಿಯಮ ಮೆಚ್ಚುವಂಥದ್ದು. ಪ್ಯಾರಿಷ್ ಮತದಾರರ ಪಟ್ಟಿಯನ್ನು ಆರು ವರ್ಷಕ್ಕೊಮ್ಮೆ ಪೂರ್ತಿ ರದ್ದು ಮಾಡಿ ಹೊಸದಾಗಿ ಬರೆಯುತ್ತಾರೆ. 2019ರಲ್ಲಿ ಆಯಿತು, 2025ರಲ್ಲಿ ಆಯಿತು. ಇಪ್ಪತ್ತು ವರ್ಷದಿಂದ ಬರುತ್ತಿರುವವರೂ ಮತ್ತೆ ಅರ್ಜಿ ತುಂಬಬೇಕು. ಕಿರಿಕಿರಿ ನಿಜ. ಆದರೆ ತೀರಿಹೋದವರು, ಊರು ಬಿಟ್ಟವರು ಪಟ್ಟಿಯಲ್ಲಿ ಉಳಿದುಕೊಂಡು ಚುನಾವಣೆಯ ಹೊತ್ತಿಗೆ 'ಎದ್ದು ಬರುವ' ಕಾಯಿಲೆಗೆ ಇದಕ್ಕಿಂತ ಒಳ್ಳೆಯ ಮದ್ದು ಇನ್ನೊಂದಿಲ್ಲ.

ದೇಶದ ಗಡಿ ದಾಟಿದರೆ ಇದೇ ಆಂಗ್ಲಿಕನ್ ವ್ಯವಸ್ಥೆ ಸಡಿಲ. ಜಗತ್ತಿನ ನಲವತ್ತಕ್ಕೂ ಹೆಚ್ಚು ಪ್ರಾಂತ್ಯಗಳನ್ನು ಕಟ್ಟಿ ಹಿಡಿದಿರುವುದು ನಾಲ್ಕು 'ಸಾಧನ'ಗಳು: ಕ್ಯಾಂಟರ್ಬರಿಯ ಆರ್ಚ್‌ಬಿಷಪ್, 1867ರಲ್ಲಿ ಶುರುವಾದ ಲ್ಯಾಂಬೆತ್ ಸಮ್ಮೇಳನ, ಪ್ರಾಂತ್ಯ ಮುಖ್ಯಸ್ಥರ ಕೂಟ, ಮತ್ತು ಸಲಹಾ ಮಂಡಳಿ. ನಾಲ್ಕಕ್ಕೂ ಕಾನೂನಿನ ಹಲ್ಲಿಲ್ಲ. ಲ್ಯಾಂಬೆತ್‌ನಲ್ಲಿ ಬಿಷಪ್ಪರು ಏನೇ ನಿರ್ಣಯ ಮಾಡಿದರೂ ಒಂದೊಂದು ಪ್ರಾಂತ್ಯ ತನ್ನ ಸಿನಡ್‌ನಲ್ಲಿ ಒಪ್ಪಿಕೊಂಡರಷ್ಟೇ ಅಲ್ಲಿ ಜಾರಿ. ಆಫ್ರಿಕದ ದೊಡ್ಡ ಪ್ರಾಂತ್ಯಗಳಿಗೂ ಉತ್ತರ ಅಮೆರಿಕದ ಪ್ರಾಂತ್ಯಗಳಿಗೂ ನಡುವೆ ಇಪ್ಪತ್ತು ವರ್ಷಗಳಿಂದ ಬಿರುಕು ಅಗಲವಾಗುತ್ತಿದ್ದರೂ 'ಮೇಲಿನವರು' ಯಾಕೆ ಬಗೆಹರಿಸುವುದಿಲ್ಲ ಎಂದು ಕೇಳುವವರಿಗೆ ಉತ್ತರ ಇಷ್ಟೇ: ಆ ಅರ್ಥದಲ್ಲಿ ಮೇಲಿನವರು ಯಾರೂ ಇಲ್ಲ.

ಆರ್ಥೊಡಾಕ್ಸ್ ಚರ್ಚುಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಕಾನ್‌ಸ್ಟಾಂಟಿನೋಪಲ್‌ನ ಪಿತೃಪ್ರಧಾನರು (ಪೇಟ್ರಿಯಾರ್ಕ್) ಸಮಾನರಲ್ಲಿ ಮೊದಲಿಗರು, ಅಷ್ಟೆ. ಪ್ರತಿ ಸ್ವಯಂಶಿರಸ್ಕ (ತನ್ನ ಮುಖ್ಯಸ್ಥರನ್ನು ತಾನೇ ಆರಿಸಿಕೊಳ್ಳುವ) ಚರ್ಚಿಗೆ ಅದರದೇ ಸಿನಡ್. 2016ರಲ್ಲಿ ಕ್ರೀಟ್ ದ್ವೀಪದಲ್ಲಿ ಮಹಾ ಸಮಾಲೋಚನೆ ಕರೆದಾಗ ರಷ್ಯ, ಬಲ್ಗೇರಿಯ, ಜಾರ್ಜಿಯ, ಅಂತಿಯೋಕ್ಯ ಚರ್ಚುಗಳು ಬರಲೇ ಇಲ್ಲ. 2019ರ ಜನವರಿಯಲ್ಲಿ ಉಕ್ರೇನಿನ ಚರ್ಚಿಗೆ ಕಾನ್‌ಸ್ಟಾಂಟಿನೋಪಲ್ ಸ್ವಾತಂತ್ರ್ಯ ಪತ್ರ ಕೊಡುವ ಮೊದಲೇ, 2018ರ ಅಕ್ಟೋಬರ್‌ನಲ್ಲಿ, ಮಾಸ್ಕೋ ಅದರ ಜೊತೆಗಿನ ಸಹಭಾಗಿತ್ವ ಕಡಿದುಕೊಂಡಿತ್ತು. ಇಂಥ ವ್ಯಾಜ್ಯಕ್ಕೆ ಎರಡೂ ಕಡೆಯವರು ತಲೆಬಾಗುವ ಕಟ್ಟೆ ಎಲ್ಲೂ ಇಲ್ಲ.

ಹಿರಿಯರ ಏಣಿ

ಜಿನೀವಾದಲ್ಲಿ 1541ರಲ್ಲಿ ಕ್ಯಾಲ್ವಿನ್ ರೂಪಿಸಿದ ಕಟ್ಟಳೆಯಲ್ಲಿ ನಾಲ್ಕು ಹುದ್ದೆಗಳಿದ್ದವು: ಸಭಾಪಾಲಕ, ಬೋಧಕ, ಹಿರಿಯ, ಡೀಕನ್. ಪ್ರೆಸ್ಬಿಟೀರಿಯನ್ ಪದ್ಧತಿ ಬೆಳೆದದ್ದು ಇಲ್ಲಿಂದ. ಕೆಳಗೆ ಸೆಷನ್, ಅಂದರೆ ಒಂದು ಸಭೆಯ ಹಿರಿಯರ ಮಂಡಳಿ. ಅದರ ಮೇಲೆ ಒಂದು ಪ್ರದೇಶದ ಸಭೆಗಳೆಲ್ಲ ಸೇರಿದ ಪ್ರೆಸ್ಬಿಟರಿ. ಕೆಲವೆಡೆ ನಡುವೆ ಸಿನಡ್. ಮೇಲೆ ಜನರಲ್ ಅಸೆಂಬ್ಲಿ. ಪ್ರತಿ ಮೆಟ್ಟಿಲಲ್ಲೂ ಪಾದ್ರಿಗಳ ಜೊತೆ ಹಿರಿಯರು ಕೂರುತ್ತಾರೆ. ಸ್ಕಾಟ್ಲೆಂಡಿನ ಚರ್ಚಿನ ಅಸೆಂಬ್ಲಿಯ ಅಧ್ಯಕ್ಷರಿಗೆ ಒಂದೇ ವರ್ಷದ ಅವಧಿ. ಪ್ರಭಾವ ಬೆಳೆಸಿಕೊಳ್ಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ, ಅದೇ ಉದ್ದೇಶ.

ಸಭಾಪಾಲಕರನ್ನು ಆರಿಸುವುದು ಸಭೆ, ಸ್ಥಾಪಿಸುವುದು ಪ್ರೆಸ್ಬಿಟರಿ. ಒಬ್ಬರದೇ ಕೈಯಿಂದ ಎರಡೂ ಆಗುವುದಿಲ್ಲ. ಸ್ಕಾಟ್ಲೆಂಡಿನಲ್ಲಿ 1697ರಿಂದ 'ತಡೆ ಕಾಯಿದೆ' ಎಂಬುದೊಂದಿದೆ: ಬೋಧನೆ, ಆರಾಧನೆ, ಶಿಸ್ತು, ಆಡಳಿತಕ್ಕೆ ಸಂಬಂಧಿಸಿದ ಮೂಲಭೂತ ಬದಲಾವಣೆಯನ್ನು ಅಸೆಂಬ್ಲಿ ಅಂದೇ ಜಾರಿ ಮಾಡುವಂತಿಲ್ಲ, ಪ್ರೆಸ್ಬಿಟರಿಗಳಿಗೆ ಕಳಿಸಿ, ಅವುಗಳಲ್ಲಿ ಹೆಚ್ಚಿನವು ಒಪ್ಪಿದ ಮೇಲೆ ಮತ್ತೆ ಅಸೆಂಬ್ಲಿಗೆ ತರಬೇಕು. ಒಂದು ವಾರದ ಅಬ್ಬರದಲ್ಲಿ ಚರ್ಚಿನ ದಿಕ್ಕು ಬದಲಾಗದಂತೆ ತಡೆಯುವ ಉಪಾಯ ಇದು.

ಈ ಏಣಿಯ ದೋಷ ನಿಧಾನಗತಿಯೆಂದು ಹೇಳುವುದು ವಾಡಿಕೆ. ನಿಜವಾದ ದೋಷ ಬೇರೆ. ಹಿರಿಯರು ಬದಲಾಗುತ್ತಾರೆ, ಅಧ್ಯಕ್ಷರು ಬದಲಾಗುತ್ತಾರೆ, ಆದರೆ ಕಡತ ಹಿಡಿದ ಕಾರ್ಯದರ್ಶಿ ಅಲ್ಲೇ ಇರುತ್ತಾರೆ. ಅಜೆಂಡಾ ಬರೆಯುವವರು, ಸಮಿತಿಗೆ ಹೆಸರು ಸೂಚಿಸುವವರು, ಹಳೆಯ ನಿರ್ಣಯ ನೆನಪಿಟ್ಟುಕೊಂಡವರು ಅವರೇ. ಚುನಾವಣೆಯಿಲ್ಲದ ಆ ಕುರ್ಚಿಯ ಬಲವನ್ನು ಯಾವ ಸಂವಿಧಾನವೂ ಪೂರ್ತಿ ಬರೆದಿಟ್ಟಿಲ್ಲ.

ಸ್ವಾತಂತ್ರ್ಯವೆಂಬ ಗುರಾಣಿ

ಅಮೆರಿಕದ ಅತಿ ದೊಡ್ಡ ಪ್ರೊಟೆಸ್ಟಂಟ್ ಪಂಗಡ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್, 1845ರಲ್ಲಿ ಹುಟ್ಟಿದ್ದು. ಕಟ್ಟುನಿಟ್ಟಾಗಿ ಹೇಳಿದರೆ ಅದೊಂದು ಚರ್ಚಲ್ಲ, ಚರ್ಚುಗಳ ಸಹಕಾರ ಕೂಟ. ಪ್ರತಿ ಸಭೆ ತನ್ನ ಪಾದ್ರಿಯನ್ನು ತಾನೇ ಕರೆಯುತ್ತದೆ, ತಾನೇ ಕಳಿಸುತ್ತದೆ; ಆಸ್ತಿ ಅದರದೇ. ವರ್ಷಕ್ಕೊಮ್ಮೆ ಜೂನ್‌ನಲ್ಲಿ ನಡೆಯುವ ಸಮಾವೇಶಕ್ಕೆ ಒಂದು ಸಭೆ ಹೆಚ್ಚೆಂದರೆ 12 'ಸಂದೇಶವಾಹಕ'ರನ್ನು ಕಳಿಸಬಹುದು. ಅವರು ಪ್ರತಿನಿಧಿಗಳಲ್ಲ, ತಮ್ಮ ಮನಸ್ಸಾಕ್ಷಿಯಂತೆ ಮತ ಹಾಕುತ್ತಾರೆ. ಕನ್ವೆನ್ಷನ್ ಕೈಯಲ್ಲಿರುವ ಅಸ್ತ್ರ ಒಂದೇ: ನಿಮ್ಮ ಸಭೆ ಇನ್ನು ನಮ್ಮೊಂದಿಗೆ 'ಸ್ನೇಹಪೂರ್ವಕ ಸಹಕಾರ'ದಲ್ಲಿ ಇಲ್ಲ ಎಂದು ಹೇಳಿ ಹೊರಗಿಡುವುದು.

ಅಲ್ಲಿಯ ಸಂವಿಧಾನ ತಿದ್ದಬೇಕಾದರೆ ಸತತ ಎರಡು ವರ್ಷ ಮೂರರಲ್ಲೆರಡು ಮತ ಬೇಕು. ಪಾದ್ರಿ ಹುದ್ದೆ ಪುರುಷರಿಗೆ ಮಾತ್ರ ಎಂದು ಬರೆಯುವ ತಿದ್ದುಪಡಿ 2023ರಲ್ಲಿ ಮೊದಲ ಸುತ್ತು ದಾಟಿತು. 2024ರಲ್ಲಿ ನೂರಕ್ಕೆ 61ರಷ್ಟೇ ಸಿಕ್ಕಿ ಬಿತ್ತು. ಬಹುಮತ ಇತ್ತು, ಸಾಕಾಗಲಿಲ್ಲ. ಲಂಡನ್ನಿನಲ್ಲಿ 2012ರಲ್ಲಿ ಆದದ್ದೇ ಇಲ್ಲಿ ಎದುರು ದಿಕ್ಕಿನಿಂದ ಆಯಿತು.

ಆದರೆ ಈ ಮಾದರಿಯ ಕಹಿ ಮುಖ ಕಂಡದ್ದು 2022ರ ಮೇ ತಿಂಗಳಲ್ಲಿ. ಲೈಂಗಿಕ ದೌರ್ಜನ್ಯದ ದೂರುಗಳನ್ನು ಕೇಂದ್ರದ ಕಾರ್ಯಕಾರಿ ಸಮಿತಿ ಹೇಗೆ ನಿಭಾಯಿಸಿತು ಎಂಬುದರ ಸ್ವತಂತ್ರ ತನಿಖಾ ವರದಿ ಹೊರಬಿತ್ತು. ಆರೋಪಿತ ಪಾದ್ರಿಗಳ ಹೆಸರುಗಳ ಒಂದು ಪಟ್ಟಿ ಇಡಿ ಎಂದು ಸಂತ್ರಸ್ತರು ವರ್ಷಗಟ್ಟಲೆ ಕೇಳಿದ್ದರು. ಪ್ರತಿ ಸಭೆಯೂ ಸ್ವತಂತ್ರ, ನಮ್ಮ ಪದ್ಧತಿಯಲ್ಲಿ ಅದು ಸಾಧ್ಯವಿಲ್ಲ ಎಂಬುದು ಉತ್ತರವಾಗಿತ್ತು. ಅದೇ ಹೊತ್ತಿಗೆ ಕಚೇರಿಯೊಳಗೆ 700ಕ್ಕೂ ಹೆಚ್ಚು ಹೆಸರುಗಳ ಪಟ್ಟಿಯೊಂದು ಗುಟ್ಟಾಗಿ ಬೆಳೆಯುತ್ತಿತ್ತು. ಒಂದು ಸಭೆ ಹೊರಗಟ್ಟಿದ ಪಾದ್ರಿಯನ್ನು ಇನ್ನೊಂದು ಸಭೆ ಏನೂ ತಿಳಿಯದೆ ಕರೆದುಕೊಳ್ಳುವುದು ಈ ರಚನೆಯಲ್ಲೇ ಇರುವ ತೂತು. ಬಿಷಪ್ ಇರುವ ಕಡೆ ಒಬ್ಬರು ಮುಚ್ಚಿಟ್ಟರೆ ಎಲ್ಲವೂ ಮುಚ್ಚಿಹೋಗುತ್ತದೆ. ಇಲ್ಲಿ ಮುಚ್ಚಿಡಲು ಯಾರೂ ಬೇಕಿಲ್ಲ, ಒಬ್ಬರಿಗೊಬ್ಬರು ಹೇಳದಿದ್ದರೆ ಸಾಕು.

ಆಸ್ತಿ ಪತ್ರದ ಒಂದು ಸಾಲು

ಒಡಕು ಬಂದಾಗ ಕಟ್ಟಡ ಯಾರಿಗೆ? ಈ ಪ್ರಶ್ನೆಗೆ ಬಹುಮತ ಇದ್ದವರಿಗೆ ಎಂದು ಥಟ್ಟನೆ ಉತ್ತರಿಸುವವರು 1904ರ ಒಂದು ತೀರ್ಪನ್ನು ನೋಡಬೇಕು. 1900ರಲ್ಲಿ ಸ್ಕಾಟ್ಲೆಂಡಿನ ಫ್ರೀ ಚರ್ಚ್ ಇನ್ನೊಂದು ಪ್ರೆಸ್ಬಿಟೀರಿಯನ್ ಚರ್ಚಿನೊಂದಿಗೆ ವಿಲೀನವಾಯಿತು. ಭಾರೀ ಬಹುಮತ ಒಪ್ಪಿತ್ತು. ಬೆರಳೆಣಿಕೆಯ ಪಾದ್ರಿಗಳು ಮಾತ್ರ ಹೊರಗುಳಿದು, ಮೂಲ ತತ್ವಕ್ಕೆ ನಿಷ್ಠರಾದವರು ನಾವು, ಆಸ್ತಿ ನಮ್ಮದು ಎಂದು ದಾವೆ ಹೂಡಿದರು. ಹೌಸ್ ಆಫ್ ಲಾರ್ಡ್ಸ್ ಅವರ ಪರ ತೀರ್ಪು ಕೊಟ್ಟಿತು: ಒಂದು ತತ್ವಕ್ಕಾಗಿ ಕೊಟ್ಟ ಆಸ್ತಿ ಆ ತತ್ವವನ್ನು ಹಿಡಿದವರಿಗೇ ಸೇರಬೇಕು. ಅಷ್ಟೊಂದು ಚರ್ಚು, ಕಾಲೇಜು, ಮನೆಗಳನ್ನು ನಡೆಸಲು ಆ ಸಣ್ಣ ಗುಂಪಿನ ಕೈಯಲ್ಲಿ ಆಗುತ್ತಿರಲಿಲ್ಲ. ಕೊನೆಗೆ ಪಾರ್ಲಿಮೆಂಟೇ 1905ರಲ್ಲಿ ಕಾಯಿದೆ ಮಾಡಿ ಪಾಲು ಹಂಚಬೇಕಾಯಿತು.

ಅಮೆರಿಕದ ಸುಪ್ರೀಂ ಕೋರ್ಟು ಬೇರೆ ದಾರಿ ಹಿಡಿಯಿತು. ಶ್ರೇಣೀಕೃತ ಚರ್ಚುಗಳಲ್ಲಿ ಚರ್ಚಿನದೇ ಅತ್ಯುನ್ನತ ಮಂಡಳಿಯ ಮಾತನ್ನು ಒಪ್ಪಬೇಕು ಎಂದು 1872ರಲ್ಲಿ ಹೇಳಿತು. 1979ರಲ್ಲಿ ಇನ್ನೊಂದು ದಾರಿಯನ್ನೂ ತೆರೆಯಿತು: ನ್ಯಾಯಾಧೀಶರು ದೇವತಾಶಾಸ್ತ್ರಕ್ಕೆ ಕೈಹಾಕದೆ ಆಸ್ತಿ ಪತ್ರ, ನಿಯಮಾವಳಿಗಳನ್ನು ಬೇರೆ ಯಾವ ಸಂಸ್ಥೆಯದಾದರೂ ಓದುವಂತೆಯೇ ಓದಿ ತೀರ್ಮಾನಿಸಬಹುದು. ಅಲ್ಲಿಂದ ಮುಂದೆ ಪತ್ರದಲ್ಲಿ 'ಪಂಗಡದ ಪರವಾಗಿ ಟ್ರಸ್ಟ್ ಆಗಿ ಹೊಂದಿದೆ' ಎಂಬ ಒಂದು ಸಾಲು ಇದೆಯೋ ಇಲ್ಲವೋ ಎಂಬುದರ ಮೇಲೆ ಕೋಟಿಗಟ್ಟಲೆ ಆಸ್ತಿ ಆ ಕಡೆ ಈ ಕಡೆ ಆಗತೊಡಗಿತು.

ಆ ಸಾಲಿನ ಬಲ ಈಚೆಗೆ ಕಂಡದ್ದು ಯುನೈಟೆಡ್ ಮೆಥೋಡಿಸ್ಟ್ ಚರ್ಚಿನಲ್ಲಿ. ಮೆಥೋಡಿಸ್ಟ್ ಆಸ್ತಿಗಳಿಗೆ ಜಾನ್ ವೆಸ್ಲಿಯ ಕಾಲದ ಮಾದರಿ ಪತ್ರದಿಂದ ಬಂದ ಟ್ರಸ್ಟ್ ಷರತ್ತು ಇದೆ: ಕಟ್ಟಿಸಿದ್ದು ಊರಿನ ಸಭೆಯಾದರೂ ಬಿಟ್ಟು ಹೋಗುವಾಗ ಕೊಂಡೊಯ್ಯುವಂತಿಲ್ಲ. ಸಲಿಂಗ ಸಂಬಂಧದ ವಿಚಾರದಲ್ಲಿ ಒಡಕು ಖಚಿತವಾದಾಗ 2019ರ ವಿಶೇಷ ಅಧಿವೇಶನ ಚರ್ಚಿನ ನಿಯಮಾವಳಿಗೆ 2553ನೇ ಪರಿಚ್ಛೇದ ಸೇರಿಸಿ, ಅಮೆರಿಕದ ಸಭೆಗಳಿಗೆ ಒಂದು ಬಾಗಿಲು ತೆರೆಯಿತು. ಷರತ್ತುಗಳು ಹೀಗಿದ್ದವು. ಸಭೆಯ ಸದಸ್ಯರಲ್ಲಿ ಹಾಜರಿದ್ದವರ ಮೂರರಲ್ಲೆರಡು ಪಾಲು ಒಪ್ಪಬೇಕು. ಹಿಂದಿನ 12 ತಿಂಗಳ ಬಾಕಿ ವಂತಿಗೆ, ಮುಂದಿನ 12 ತಿಂಗಳ ವಂತಿಗೆ, ಪಾದ್ರಿಗಳ ಪಿಂಚಣಿ ನಿಧಿಯ ಹೊಣೆಯ ಪಾಲು ಕಟ್ಟಬೇಕು. ಪ್ರಾದೇಶಿಕ ವಾರ್ಷಿಕ ಸಮ್ಮೇಳನ ಅನುಮೋದಿಸಬೇಕು. 2023ರ ಡಿಸೆಂಬರ್ 31ಕ್ಕೆ ಬಾಗಿಲು ಮುಚ್ಚುವಷ್ಟರಲ್ಲಿ 7,600ಕ್ಕೂ ಹೆಚ್ಚು ಸಭೆಗಳು, ಅಂದರೆ ಅಲ್ಲಿನ ಸಭೆಗಳಲ್ಲಿ ಸುಮಾರು ಕಾಲುಭಾಗ, ಹೊರಬಂದಿದ್ದವು. ಪಿಂಚಣಿ ಪಾಲನ್ನು ಮರೆತು ಮತದಾನಕ್ಕೆ ಹೋದರೆ ಗೆದ್ದ ಮೇಲೆ ಹಣ ಎಲ್ಲಿಂದ ಎಂಬ ಪ್ರಶ್ನೆ ಎದುರಾಗುತ್ತದೆ. ವಂತಿಗೆ ಒಂದು ವರ್ಷದ ಲೆಕ್ಕ, ಪಿಂಚಣಿ ಹಾಗಲ್ಲ. ಈಗ ನಿವೃತ್ತರಾದವರೂ ಮುಂದೆ ಆಗುವವರೂ ಅದರಲ್ಲಿ ಸೇರುತ್ತಾರೆ.

ಬಿಷಪ್, ಹಿರಿಯರು, ಸಭೆ ಮೂರನ್ನೂ ಒಂದೇ ಪಾತ್ರೆಯಲ್ಲಿ ಹಾಕಿದ ಪ್ರಯೋಗವೂ ಉಂಟು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್ಬಿಟೀರಿಯನ್, ಕಾಂಗ್ರಿಗೇಷನಲ್ ಧಾರೆಗಳ ಕೂಡಲಿ. ಬಿಷಪ್ಪರನ್ನು ಉಳಿಸಿಕೊಂಡಿತು, ಆದರೆ ಸಂವಿಧಾನಬದ್ಧರಾಗಿ. ಆಸ್ತಿ ಇರಿಸಿದ್ದು ಬಿಷಪ್ಪರ ಹೆಸರಿನಲ್ಲಲ್ಲ, ಟ್ರಸ್ಟ್ ಅಸೋಸಿಯೇಷನ್ ಎಂಬ ಕಂಪನಿಯ ಹೆಸರಿನಲ್ಲಿ. ಇಂಥ ಜೋಡಿ ರಚನೆ ಇರುವಲ್ಲೆಲ್ಲ ಗಮನಿಸಬೇಕಾದದ್ದು ಒಂದೇ: ಸಿನಡ್‌ನ ಕುರ್ಚಿಯಲ್ಲಿ ಕೂತವರೇ ಕಂಪನಿಯ ಕುರ್ಚಿಯಲ್ಲೂ ಕೂತರೆ, ಒಬ್ಬರ ಮೇಲೊಬ್ಬರು ಕಣ್ಣಿಡಲೆಂದು ಮಾಡಿದ ಎರಡು ಸಂಸ್ಥೆ ಒಂದೇ ಆಗಿಬಿಡುತ್ತದೆ.

ಹೆಸರೊಂದು, ಪತ್ರವೊಂದು

ಸ್ವತಂತ್ರ ಸಭೆಗಳ ಕಥೆ ಸಾಮಾನ್ಯವಾಗಿ ಒಬ್ಬ ಸ್ಥಾಪಕರಿಂದ ಶುರು. ಮನೆಯಲ್ಲಿ ಕೂಡುವ ಪ್ರಾರ್ಥನೆ ದೊಡ್ಡದಾಗುತ್ತದೆ, ಬಾಡಿಗೆ ಹಾಲ್ ಹಿಡಿಯುತ್ತಾರೆ, ಜಮೀನು ಕೊಳ್ಳುವ ಹೊತ್ತಿಗೆ ನೋಂದಣಿ ಬೇಕಾಗುತ್ತದೆ. ಅವಸರದಲ್ಲಿ ಸ್ಥಾಪಕರು, ಅವರ ಹೆಂಡತಿ, ತಮ್ಮ, ಒಬ್ಬ ಗೆಳೆಯರು ಟ್ರಸ್ಟಿಗಳಾಗುತ್ತಾರೆ. ಮೋಸದ ಉದ್ದೇಶ ಯಾರಿಗೂ ಇರುವುದಿಲ್ಲ. ತೊಡಕು ಕಾಣುವುದು ಇಪ್ಪತ್ತು ವರ್ಷದ ನಂತರ, ಸ್ಥಾಪಕರು ತೀರಿಕೊಂಡಾಗ ಅಥವಾ ಅವರ ಮೇಲೆ ದೂರು ಬಂದಾಗ. ಆಗ ಸದಸ್ಯರು ಪತ್ರ ತೆಗೆದು ನೋಡಿದರೆ 'ಸದಸ್ಯ' ಎಂಬ ಪದವೇ ಅದರಲ್ಲಿ ಇರುವುದಿಲ್ಲ. ದಶಮಾಂಶ ಕೊಟ್ಟವರಿಗೆ ಕಾನೂನಿನ ಕಣ್ಣಲ್ಲಿ ದಾನಿಗಳೆಂಬ ಸ್ಥಾನವಷ್ಟೆ.

ಇಂಥ ಪತ್ರ ಬರೆಯುವಾಗ ಅಥವಾ ತಿದ್ದುವಾಗ ನೋಡಬೇಕಾದದ್ದು ಕೆಲವಿವೆ. ಟ್ರಸ್ಟಿಗಳ ಅವಧಿ ಬರೆದಿದೆಯೇ, ಇಲ್ಲ ಜೀವನಪರ್ಯಂತವೇ? ಖಾಲಿ ಸ್ಥಾನ ತುಂಬುವವರು ಉಳಿದ ಟ್ರಸ್ಟಿಗಳೇ ಆದರೆ ಮಂಡಳಿ ತನ್ನನ್ನೇ ಹೆರುತ್ತಾ ಹೋಗುತ್ತದೆ. ಕನಿಷ್ಠ ಅರ್ಧದಷ್ಟನ್ನಾದರೂ ಸದಸ್ಯರು ಚುನಾಯಿಸಲಿ. ಸಭಾಪಾಲಕರ ಸಂಬಳ ತೀರ್ಮಾನಿಸುವಾಗ ಅವರೂ ಅವರ ಬಂಧುಗಳೂ ಹೊರಗೆ ಹೋಗಬೇಕೆಂಬ ನಿಯಮವಿರಲಿ. ಸಂಸ್ಥೆ ಮುಚ್ಚಿದರೆ ಉಳಿದ ಆಸ್ತಿ ಎಲ್ಲಿಗೆ ಹೋಗಬೇಕೆಂದು ಬರೆದಿರಲಿ. ಚರ್ಚಿನ ಸಂವಿಧಾನ ಒಂದು, ನೋಂದಾಯಿತ ಟ್ರಸ್ಟ್ ಪತ್ರ ಇನ್ನೊಂದು ಇದ್ದು ಎರಡೂ ತಾಳೆಯಾಗದಿದ್ದರೆ ನ್ಯಾಯಾಲಯ ಮೊದಲು ಕೈಗೆತ್ತಿಕೊಳ್ಳುವುದು ನೋಂದಾಯಿತ ಪತ್ರವನ್ನೇ.

ಮತದ ನಿಯಮದಲ್ಲಿ ಒಂದು ಪದ ಎಷ್ಟು ತೂಗುತ್ತದೆಂದು ನೋಡಿ. ಪಟ್ಟಿಯಲ್ಲಿ 300 ಸದಸ್ಯರು, ಸಭೆಗೆ ಬಂದವರು 120, ಮತ ಹಾಕಿದವರು 105. 'ಸದಸ್ಯರ ಮೂರರಲ್ಲೆರಡು' ಎಂದಿದ್ದರೆ 200 ಬೇಕು, ಬಂದವರೆಲ್ಲ ಕೈ ಎತ್ತಿದರೂ ಆಗದು. 'ಹಾಜರಿದ್ದವರ' ಎಂದಿದ್ದರೆ 80. 'ಹಾಜರಿದ್ದು ಮತ ಹಾಕಿದವರ' ಎಂದಿದ್ದರೆ 70. ಬೈಲಾದಲ್ಲಿ ಬರೀ 'ಮೂರರಲ್ಲೆರಡು ಬಹುಮತ' ಎಂದು ಬಿಟ್ಟಿದ್ದರೆ ಜಗಳ ಗ್ಯಾರಂಟಿ. ಕೋರಂ ಕೂಡ ಹಾಗೆಯೇ. ಮೂರನೇ ಒಂದು ಎಂದಿಟ್ಟರೆ ಈ ಪಟ್ಟಿಗೆ 100 ಜನ ಬೇಕು. ಪಟ್ಟಿಯಲ್ಲಿ 150 ಜನ ಊರು ಬಿಟ್ಟವರಾದರೆ ಉಳಿದ 150ರಲ್ಲಿ 100 ಜನ ಪ್ರತಿ ಸಲ ಬರಲೇಬೇಕು. ಬರುವುದಿಲ್ಲ. ಆಗ ವಾರ್ಷಿಕ ಸಭೆಯೇ ನಡೆಯದೆ ಹಳೆಯ ಸಮಿತಿ ವರ್ಷ ವರ್ಷ ಮುಂದುವರಿಯುತ್ತದೆ. ಸಮಿತಿ ಕುರ್ಚಿ ಬಿಡುತ್ತಿಲ್ಲ ಎಂದು ದೂರುವ ಎಷ್ಟೋ ಕಡೆ ಅಸಲು ರೋಗ ಹಳೆಯ ಪಟ್ಟಿಯದು.

ಹಣದ ವಿಷಯ ಹೇಳುವುದು ಕಡಿಮೆ, ಮಾಡುವುದು ಹೆಚ್ಚು ಇರಬೇಕು. ಕಾಣಿಕೆ ಎಣಿಸುವವರು ಒಂದೇ ಮನೆಯವರಲ್ಲದ ಇಬ್ಬರು, ಖಜಾಂಚಿ ಅವರಲ್ಲಿ ಒಬ್ಬರಲ್ಲ. ಎಣಿಕೆ ಚೀಟಿಗೆ ಇಬ್ಬರದೂ ಸಹಿ, ಹಣ ಮರುದಿನವೇ ಬ್ಯಾಂಕಿಗೆ. ಚೆಕ್ಕಿಗೆ ಎರಡು ಸಹಿ, ಖಾಲಿ ಚೆಕ್ಕಿಗೆ ಮುಂಗಡ ಸಹಿ ಎಂದಿಗೂ ಬೇಡ. ಚೆಕ್ ಬರೆಯುವವರೇ ಬ್ಯಾಂಕ್ ಪಾಸ್‌ಬುಕ್ ತಾಳೆ ನೋಡಬಾರದು. ಹೆಚ್ಚಾಗಿ ಆಗುವ ತಪ್ಪು ಕಳ್ಳತನವಲ್ಲ: ಛಾವಣಿಗೆಂದು ಬಂದ ಹಣದಿಂದ ಈ ತಿಂಗಳ ಸಂಬಳ ಕೊಟ್ಟು, ಮುಂದಿನ ತಿಂಗಳು ತುಂಬುತ್ತೇವೆ ಎಂದು ಬಿಟ್ಟುಬಿಡುವುದು. ಮೂರು ವರ್ಷದ ನಂತರ ಮಳೆ ಸೋರುವಾಗ ನಿಧಿ ಕಾಗದದ ಮೇಲಷ್ಟೇ ಇರುತ್ತದೆ.

ಒಪ್ಪಿಗೆ ಬೇರೆ, ಸಲಹೆ ಬೇರೆ

ಕಥೋಲಿಕ ಧರ್ಮಸಭೆಯನ್ನು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ. ಸುಮಾರು 140 ಕೋಟಿ ಜನರ ಈ ಸಂಸ್ಥೆಯನ್ನು ಮೇಲಿನಿಂದ ಕೆಳಗೆ ಆಜ್ಞೆ ಇಳಿಯುವ ಸೈನ್ಯದಂತೆ ಭಾವಿಸುವವರು ಹೆಚ್ಚು. ಅದರ ಕಾನೂನು, 1983ರ ಸಂಹಿತೆಯ 1752 ವಿಧಿಗಳು, ಅಷ್ಟು ಸರಳವಾಗಿಲ್ಲ. ತುದಿಯಲ್ಲಿ ಮಾತ್ರ ಅಸ್ಪಷ್ಟತೆ ಇಲ್ಲ: ವಿಧಿ 331ರಂತೆ ಪೋಪ್ ಅವರಿಗೆ ಪರಮ, ಪೂರ್ಣ, ನೇರ ಅಧಿಕಾರ, 333ರಂತೆ ಅವರ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ, 1404ರಂತೆ ಅವರನ್ನು ವಿಚಾರಿಸುವ ನ್ಯಾಯಪೀಠವಿಲ್ಲ. ಆ ಪೀಠಕ್ಕೆ ಬರುವ ದಾರಿ ಚುನಾವಣೆ. 2025ರ ಮೇ 8ರಂದು 133 ಕಾರ್ಡಿನಲ್‌ಗಳು 14ನೇ ಲಿಯೊ ಅವರನ್ನು ಆರಿಸಿದಾಗ ಬೇಕಿದ್ದದ್ದು 89 ಮತ.

ಅಲ್ಲಿಂದ ಕೆಳಗೆ ಇಳಿದರೆ ಬೀಗಗಳು ಶುರುವಾಗುತ್ತವೆ. ಪ್ರತಿ ಧರ್ಮಾಧ್ಯಕ್ಷರಿಗೂ (ಕಥೋಲಿಕ ಬಿಷಪ್ಪರಿಗೂ) ಹಣಕಾಸು ಸಮಿತಿ ಕಡ್ಡಾಯ: ಕನಿಷ್ಠ ಮೂವರು, ಹಣಕಾಸು ಮತ್ತು ನಾಗರಿಕ ಕಾನೂನು ಬಲ್ಲವರು, ಐದು ವರ್ಷದ ಅವಧಿ. ಧರ್ಮಾಧ್ಯಕ್ಷರ ನಾಲ್ಕನೇ ಹಂತದವರೆಗಿನ ಬಂಧುಗಳಿಗೆ ಅದರಲ್ಲಿ ಜಾಗವಿಲ್ಲ. ಜೊತೆಗೆ 6ರಿಂದ 12 ಗುರುಗಳ ಸಲಹೆಗಾರರ ಮಂಡಳಿ. ಧರ್ಮಾಧ್ಯಕ್ಷರ ಪರಿಷತ್ತು ಗೊತ್ತುಮಾಡಿದ ಕನಿಷ್ಠ ಮೊತ್ತ ಮೀರಿದ ಆಸ್ತಿ ಮಾರಾಟಕ್ಕೆ ಇವೆರಡರ ಒಪ್ಪಿಗೆಯೂ ಬೇಕು, ಗರಿಷ್ಠ ಮೊತ್ತ ಮೀರಿದರೆ ರೋಮಿನ ಅನುಮತಿಯೂ ಬೇಕು, ಪರಿಣತರ ಲಿಖಿತ ಬೆಲೆ ಅಂದಾಜು ಇರಬೇಕು. ಒಂದು ಧರ್ಮಕೇಂದ್ರದ (ಕಥೋಲಿಕ ಪ್ಯಾರಿಷ್‌ನ) ಆಸ್ತಿ ಆ ಧರ್ಮಕೇಂದ್ರದ್ದೇ; ಗುರುಗಳು ಅದರ ಪರವಾಗಿ ಸಹಿ ಹಾಕುವವರು, ಒಡೆಯರಲ್ಲ.

ಇಲ್ಲಿ ಅರ್ಥಮಾಡಿಕೊಳ್ಳಬೇಕಾದ ಮುಖ್ಯ ಭೇದ ವಿಧಿ 127ರಲ್ಲಿದೆ. 'ಒಪ್ಪಿಗೆ' ಬೇಕು ಎಂದಿರುವಲ್ಲಿ ಅದನ್ನು ಪಡೆಯದೆ ಮಾಡಿದ ಕೆಲಸ ಅಸಿಂಧು. 'ಸಲಹೆ' ಎಂದಿರುವಲ್ಲಿ ಕೇಳದೆ ಮಾಡಿದರೆ ಅಸಿಂಧು, ಕೇಳಿದ ಮೇಲೆ ಅದರಂತೆ ನಡೆಯಬೇಕೆಂದಿಲ್ಲ. ಆಸ್ತಿ ಮಾರಾಟ ಮೊದಲ ಬಗೆಯದು. ಧರ್ಮಕೇಂದ್ರವೊಂದನ್ನು ಮುಚ್ಚುವುದು, ಇನ್ನೊಂದರ ಜೊತೆ ಸೇರಿಸುವುದು ಎರಡನೇ ಬಗೆಯದು. ಗುರುಗಳ ಪರಿಷತ್ತನ್ನು ಕೇಳಬೇಕು, ಅಷ್ಟೆ. ಹಾಗೆ ಮುಚ್ಚಿದ ಆದೇಶವನ್ನು ಪ್ರಶ್ನಿಸುವವರಿಗೆ ಗಡುವು ಬಿಗಿ. ಆದೇಶ ತಿಳಿದ 10 ದಿನದೊಳಗೆ ಅದನ್ನು ಹೊರಡಿಸಿದ ಧರ್ಮಾಧ್ಯಕ್ಷರಿಗೇ ಬರೆದು ಹಿಂತೆಗೆಯಿರಿ ಎಂದು ಕೇಳಬೇಕು. 30 ದಿನದೊಳಗೆ ಉತ್ತರ ಬರದಿದ್ದರೆ ಅಥವಾ ಇಲ್ಲವೆಂದರೆ 15 ದಿನದೊಳಗೆ ರೋಮಿಗೆ ಮನವಿ. ಮೊದಲ ಹತ್ತು ದಿನವನ್ನು ಪ್ರತಿಭಟನೆ, ಸಹಿ ಸಂಗ್ರಹದಲ್ಲಿ ಕಳೆದು ಹಕ್ಕನ್ನೇ ಕಳೆದುಕೊಂಡವರು ಕಡಿಮೆಯಿಲ್ಲ.

ಧರ್ಮಕೇಂದ್ರದ ಮಟ್ಟದಲ್ಲಿ ಹಣಕಾಸು ಸಮಿತಿ ಕಡ್ಡಾಯ, ವಿಧಿ 537. ಪಾಲನಾ ಪರಿಷತ್ತು ಕಡ್ಡಾಯವಲ್ಲ, ವಿಧಿ 536. ಧರ್ಮಾಧ್ಯಕ್ಷರು ಬೇಕೆಂದರೆ ಇರುತ್ತದೆ, ಇದ್ದರೂ ಅದರದು ಸಲಹೆಯ ಮತ ಮಾತ್ರ. 2021ರಿಂದ 2024ರವರೆಗೆ ನಡೆದ ಕಥೋಲಿಕ ಸಿನಡ್‌ನ ತಿರುಳು ಇಲ್ಲಿಯೇ ಇದೆ. 2023ರ ಅಕ್ಟೋಬರ್ ಅಧಿವೇಶನದಲ್ಲಿ ಮಹಿಳೆಯರು ಮೊದಲ ಬಾರಿಗೆ ಮತ ಹಾಕಿದ್ದು ದೊಡ್ಡ ಸುದ್ದಿಯಾಯಿತು. 2024ರ ಅಂತಿಮ ದಾಖಲೆ ಸದ್ದಿಲ್ಲದೆ ಕೇಳಿದ್ದು ಹೆಚ್ಚು ದೂರ ಹೋಗುವ ಮಾತು: ಕಾನೂನು ಐಚ್ಛಿಕವೆಂದು ಬಿಟ್ಟಿರುವ ಪರಿಷತ್ತುಗಳು ಕಡ್ಡಾಯವಾಗಲಿ, ಪ್ರತಿ ಹಂತದಲ್ಲೂ ಲೆಕ್ಕ ಒಪ್ಪಿಸುವ ಪದ್ಧತಿ ಬರಲಿ. ಇದರ ಅನುಷ್ಠಾನದ ಹಾದಿ 2028ರ ಅಕ್ಟೋಬರ್‌ನಲ್ಲಿ ವ್ಯಾಟಿಕನ್‌ನಲ್ಲಿ ಸೇರಲಿರುವ ಸಮಾವೇಶದವರೆಗೆ ಚಾಚಿದೆ.

ಪರಿಷತ್ತು ಕಡ್ಡಾಯವಾದರೂ ಅದರ ಮತ ಸಲಹೆಯಾಗಿಯೇ ಉಳಿದರೆ ಏನು ಬದಲಾಗುತ್ತದೆ ಎಂದು ಕೇಳುವವರಿದ್ದಾರೆ. ಬದಲಾಗುವುದು ಉಂಟು: ಇಲ್ಲದ ಪರಿಷತ್ತನ್ನು ಕೇಳುವ ಅಗತ್ಯವೇ ಬರುವುದಿಲ್ಲ, ಇರುವ ಪರಿಷತ್ತಿನ ಮಾತನ್ನು ಬದಿಗೊತ್ತಿದರೆ ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗಿ ಉಳಿಯುತ್ತದೆ. ಆದರೆ ಸಿನಡ್ ದಾಖಲೆ ತಾನಾಗಿಯೇ ವಿಧಿ 536ನ್ನು ತಿದ್ದಲಾರದು. 'ಇರಬಹುದು' ಎಂಬಲ್ಲಿ 'ಇರಲೇಬೇಕು' ಎಂದು ಬರೆಯಲು ಬೇಕಾದ ಸಹಿ ಒಂದೇ, ಅದು ಯಾವ ಪರಿಷತ್ತಿನ ಒಪ್ಪಿಗೆಯೂ ಬೇಕಿಲ್ಲದವರದು.